ಎದುರು ಕೂತು ಕಲಿತದ್ದು

ಗಾಲಿಕುರ್ಚಿ ಹತ್ತಿಸುವ ನೀಲಿ ಟ್ಯಾಕ್ಸಿ ಇನ್ನೂ ಬಂದಿರಲಿಲ್ಲ. ಮೇಕಪ್ ಕೋಣೆಯ ಕಿಟಕಿಯ ಬಳಿ ಅರ್ಧ ಬಳಿದ ಮುಖ ಹೊತ್ತು ನಿಂತಿದ್ದ ಇಸ್ಮೊ, ಅದು ಬಾರದೇ ಹೋಗಲಿ ಎಂದು ಬೆಳಿಗ್ಗೆಯಿಂದ ಬಯಸುತ್ತಿದ್ದ. ಬುಧವಾರ ಮಧ್ಯಾಹ್ನ ಒಂದು ಗಂಟೆಯದು ಪಿಂಚಣಿದಾರರ ಆಟ. ಕೆಳಗೆ ಅಂಗಳದಲ್ಲಿ ಹಳ್ಳಿಗಳಿಂದ ಬಂದ ಮೂರು ಬಸ್ಸುಗಳು ನಿಂತಿದ್ದವು. ಮುದುಕಿಯರು ಒಬ್ಬರ ಮೊಣಕೈ ಒಬ್ಬರು ಹಿಡಿದು, ಮಾರ್ಚ್ ತಿಂಗಳ ಕೊಳಕು ಮಂಜುಗಡ್ಡೆಯನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿ ಇಳಿಯುತ್ತಿದ್ದರು. ಅಪ್ಪ ಇರುವ ಅಕ್ಕ ಮಿರ್ಯಾಳ ಮನೆಯ ಲಿಫ್ಟು ಕೆಟ್ಟಿರಬಹುದು. ಇಲ್ಲವೇ ಅಪ್ಪನಿಗೆ ಸಣ್ಣಗೆ ಜ್ವರ ಬಂದಿರಬಹುದು. ಮೂವತ್ತೆಂಟು ಡಿಗ್ರಿ ಸಾಕು, ಹೆಚ್ಚು ಬೇಡ. ಹೆತ್ತ ತಂದೆಯ ಜ್ವರಕ್ಕೆ ತಾನು ಅಳತೆ ಗೊತ್ತುಮಾಡುತ್ತಿದ್ದೇನೆ ಎಂದು ಹೊಳೆದಾಗ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಕುತ್ತಿಗೆ ತುಸು ಎಡಕ್ಕೆ ವಾಲಿದ್ದನ್ನು ಕಿಟಕಿಯ ಗಾಜಿನಲ್ಲಿ ನೋಡಿಕೊಂಡ, ನೋಡಿದ್ದನ್ನು ಎಂದಾದರೂ ಬೇಕಾದೀತೆಂದು ನೆನಪಿನಲ್ಲಿಟ್ಟುಕೊಂಡ. ಐವತ್ತಮೂರು ವಯಸ್ಸಾದರೂ ಈ ಚಟ ಹೋಗಿರಲಿಲ್ಲ. ಅಮ್ಮನ ಮಣ್ಣಿನ ದಿನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಅಕ್ಕ ಮಿರ್ಯಾ ಒಂದು ಬಿಕ್ಕಿಗೂ ಇನ್ನೊಂದು ಬಿಕ್ಕಿಗೂ ನಡುವೆ ಎಷ್ಟು ಹೊತ್ತು ಉಸಿರು ಹಿಡಿಯುತ್ತಾಳೆ ಎಂದು ಎಣಿಸಿದವನು ಅವನು. ಆ ಎಣಿಕೆ ಎರಡು ವರ್ಷದ ನಂತರ ಒಂದು ನಾಟಕದಲ್ಲಿ ಕೆಲಸಕ್ಕೆ ಬಂತು. ಯಾರಿಗೂ ಗೊತ್ತಾಗಲಿಲ್ಲ, ಮಿರ್ಯಾಳಿಗೂ.

ಆದರೆ ಈ ಸಲದ್ದು ಗೊತ್ತಾಗುತ್ತದೆ. ಈ ಸಲ ಅವನು ತೆಗೆದುಕೊಂಡಿದ್ದು ಅಪ್ಪನ ಕೈ. ಆಗಸ್ಟಿನಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಅರ್ಧ ಹೋಗಿತ್ತು, ಮಾತು ಪೂರ್ತಿ ಹೋಗಿತ್ತು. ಉಳಿದಿದ್ದು ಒಂದೇ ಮಾತು, "ಸರಿ, ಸರಿ." ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ, ಮಿರ್ಯಾ ಸ್ನಾನ ಮಾಡಿಸುವಾಗ ಗೋಡೆ ನೋಡುತ್ತ ಹೇಳುವುದೂ ಅದೇ. ಅಕ್ಟೋಬರಿನಲ್ಲಿ ಈ ನಾಟಕದ ತಾಲೀಮು ಶುರುವಾಯಿತು. ಅಂಗಡಿ ಮುಚ್ಚಲು ಒಪ್ಪದ ಹಳ್ಳಿ ಮುದುಕನೊಬ್ಬನ ತಮಾಷೆಯ ನಾಟಕ, ಮುದುಕನ ಪಾತ್ರ ಇಸ್ಮೊನದು. ಇಪ್ಪತ್ತಾರು ವರ್ಷದಿಂದ ಕುವೋಪಿಯೊ ಪಟ್ಟಣದ ಈ ರಂಗಮಂದಿರದಲ್ಲಿ ಕಾಯಂ ನಟನಾಗಿದ್ದವನಿಗೆ ಬೆನ್ನು ಬಗ್ಗಿಸಿ, ದನಿ ನಡುಗಿಸಿ ನಡೆಯುವುದು ದೊಡ್ಡ ಸಂಗತಿಯೇನಲ್ಲ. ಎರಡನೇ ವಾರ ನಿರ್ದೇಶಕಿ ವೆನ್ಲಾ, ಅವನ ಅರ್ಧ ವಯಸ್ಸಿನವಳು, ಎಲ್ಲರೆದುರು ಕುರ್ಚಿಯಲ್ಲಿ ಕಾಲು ಮಡಿಚಿ ಕೂತು, "ಇಸ್ಮೊ, ಮುದುಕನ ವೇಷ ಚೆನ್ನಾಗಿದೆ ಕಣೋ. ಮುದುಕ ಎಲ್ಲಿ?" ಎಂದಳು. ಯಾರೋ ಹಿಂದಿನಿಂದ, "ದಾರೀಲಿದಾನೆ, ಬಸ್ಸು ಲೇಟು" ಅಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಅವತ್ತು ಮನೆಗೆ ನಡೆದು ಹೋಗುವಾಗ ಅವನ ಕಿವಿ ಉರಿಯುತ್ತಿತ್ತು. ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದ. ಅಡುಗೆಮನೆಯ ಮೇಜಿನ ಆಚೆ ಅಪ್ಪ, ಈಚೆ ಅವನು. ಮಿರ್ಯಾ ಕಾಫಿ ಇಟ್ಟಳು.

ಕೈಯನ್ನು ಬಿಟ್ಟರೆ ಬಿಟ್ಟೇಹೋಗುತ್ತದೆ, ಬಲಗೈಯಲ್ಲೇ ಕುಡಿಯಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಅಪ್ಪನ ಬಲಗೈ ಕಪ್ಪಿನ ಕಡೆ ಹೊರಟಿತು. ನಡುದಾರಿಯಲ್ಲಿ ನಿಂತಿತು. ಯಾಕೆ ಬಂದೆ ಎಂಬುದೇ ಮರೆತಂತೆ ಗಾಳಿಯಲ್ಲಿ ಹಾಗೇ ಇತ್ತು. ಅಪ್ಪ ಅದರ ಕಡೆ ನೋಡಲೇ ಇಲ್ಲ, ಕಿಟಕಿಯ ಆಚೆ ಏನೋ ಮುಖ್ಯವಾದದ್ದು ನಡೆಯುತ್ತಿದೆ ಎಂಬ ಮುಖ ಮಾಡಿದ. ಆಮೇಲೆ ಎಡಗೈ ಬಂದು, ಪಕ್ಕದ ಮನೆಯ ಮಗುವನ್ನು ಕರೆದುಕೊಂಡು ಹೋಗುವ ಹಾಗೆ, ಬಲಗೈಯನ್ನು ಹಿಡಿದು ಕಪ್ಪಿನವರೆಗೆ ಒಯ್ದು, ಮೇಲೆ ಎರಡು ಸಲ ತಟ್ಟಿ ಹಿಂದೆ ಹೋಯಿತು. "ಸರಿ, ಸರಿ," ಎಂದ ಅಪ್ಪ. ಇಸ್ಮೊನ ಎದೆಯಲ್ಲಿ ಏನೋ ಹಿಂಡಿತು, ಅದು ಸುಳ್ಳಲ್ಲ. ಆದರೆ ಹಿಂಡುವ ಮೊದಲೇ, ಕಣ್ರೆಪ್ಪೆ ಬಡಿಯುವಷ್ಟು ಮೊದಲು, ಇನ್ನೇನೋ ಆಗಿತ್ತು. 'ಸಿಕ್ಕಿತು' ಅನ್ನಿಸಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹನ್ನೊಂದು ಭಾನುವಾರ ಒಂದೂ ತಪ್ಪದೆ ಹೋದ. ಮಿರ್ಯಾಳಿಗೆ ಆಶ್ಚರ್ಯವಾಗಿ, ಆಮೇಲೆ ಸಂತೋಷವಾಗಿ, ಅವನಿಗಾಗಿ ಮೀನಿನ ರೊಟ್ಟಿ ಬೇಯಿಸಿಡಲು ಶುರುಮಾಡಿದಳು. ಜನವರಿ ಕೊನೆಗೆ ಮೊದಲ ಆಟ. ಎರಡನೇ ಅಂಕದಲ್ಲಿ ಪಟ್ಟಣದಿಂದ ಬಂದ ಅಧಿಕಾರಿಗಳ ಮುಂದೆ ಅಂಗಡಿಯ ಮುದುಕ ಕಾಫಿ ಕುಡಿಯುವ ಜಾಗದಲ್ಲಿ ಜನ ಮೊದಲು ಬಿದ್ದು ಬಿದ್ದು ನಕ್ಕರು, ನಗುನಗುತ್ತಲೇ ಸುಮ್ಮನಾದರು, ಕೆಲವರು ಕಣ್ಣೊರೆಸಿಕೊಂಡರು. 'ಇಸ್ಮೊ ಮುದುಕನ ಒಳಗಿನಿಂದ ನಟಿಸಿದ್ದಾರೆ' ಎಂದು ಊರಿನ ಪತ್ರಿಕೆ ಬರೆಯಿತು. ಆಮೇಲೆ ಅವನು ಅಕ್ಕನ ಮನೆಗೆ ಹೋಗಿದ್ದು ಒಂದೇ ಸಲ, ಇಪ್ಪತ್ತು ನಿಮಿಷಕ್ಕೆ, ಕೋಟು ಕೂಡ ಬಿಚ್ಚದೆ.

"ಅಪ್ಪ ಪೇಪರಲ್ಲಿ ನಿನ್ನ ಫೋಟೊ ಇಟ್ಕೊಂಡು ಬೆರಳಲ್ಲಿ ಕುಟ್ತಾನೇ ಇದ್ದ," ಎಂದು ಮಿರ್ಯಾ ಹೋದ ವಾರ ಫೋನು ಮಾಡಿದ್ದಳು. "ಹೋಗೋಣ್ವಾ ಅಂದೆ. ಸರಿ ಸರಿ ಅಂದ. ಬುಧವಾರಕ್ಕೆ ಟಿಕೆಟ್ ತಗೊಂಡಿದೀನಿ, ಮಧ್ಯಂತರದ ಕಾಫಿ ಕೇಕೂ ಹೇಳಿಟ್ಟಿದೀನಿ. ಹುಟ್ಟಿದಾಗಿಂದ ನಾಟಕ ನೋಡ್ದೇ ಇರೋನು ಕಣೋ! ಏನು, ಖುಷಿ ಇಲ್ವಾ?" ಇದೆ ಎಂದ ಇಸ್ಮೊ. ಎಂಬತ್ತೊಂದು ವರ್ಷದ ಅಪ್ಪ, ಅರ್ವಿ, ಊರೂರು ತಿರುಗಿ ಮನೆಗಳಿಗೆ ಇಟ್ಟಿಗೆಯ ಅಗ್ಗಿಷ್ಟಿಕೆ ಕಟ್ಟಿಕೊಡುತ್ತಿದ್ದವನು. ಮಗ ನಾಟಕದ ಶಾಲೆಗೆ ಸೇರುತ್ತೇನೆ ಎಂದಾಗ, "ನೆಟ್ಟಗೆ ನಿಂತ್ಕೊಂಡು ಸುಳ್ಳು ಹೇಳೋ ಕೆಲ್ಸ. ನಿಂಗೆ ಬರತ್ತೆ ಬಿಡು," ಅಂದಿದ್ದ. ಅಷ್ಟೇ ಅಂದಿದ್ದು, ತಡೆಯಲಿಲ್ಲ. ನೀಲಿ ಟ್ಯಾಕ್ಸಿ ಬಂತು. ಹಿಂದಿನ ಬಾಗಿಲು ತೆರೆದು, ಕಬ್ಬಿಣದ ಹಲಗೆ ನಿಧಾನ ಕೆಳಗಿಳಿದು, ಅದರ ಮೇಲೆ ಅಪ್ಪ, ಅಮ್ಮನ ಮಣ್ಣಿನ ದಿನ ಹಾಕಿದ್ದ ಕಪ್ಪು ಸೂಟು ತೊಟ್ಟು, ಟೈ ಕಟ್ಟಿಸಿಕೊಂಡು, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಟೈ ನೋಡಿದ ಇಸ್ಮೊನಿಗೆ ಅಳು ಬರುವಂತಾಯಿತು.

ಗೋಡೆಯ ಸ್ಪೀಕರು, ಹತ್ತು ನಿಮಿಷ ಎಂದಿತು. ರಂಗದ ಮೇಲೆ ಹೋಗುವ ಮೊದಲು ಪರದೆಯ ಹಿಂದೆ ಬರಿಗಾಲಲ್ಲಿ ಒಂದು ನಿಮಿಷ ನಿಲ್ಲುವುದು ಅವನ ಪದ್ಧತಿ. ನಾಟಕಶಾಲೆಯ ಮುದಿ ಗುರು ಕಲಿಸಿದ್ದು. ಹಿಮ್ಮಡಿ, ಅಂಗಾಲು, ಬೆರಳು ಒಂದೊಂದಾಗಿ ಹಲಗೆಗೆ ತಾಗಬೇಕು. ನಾನು ಇಂಥವನು, ಇಲ್ಲಿ ನಿಂತಿದ್ದೇನೆ, ಇನ್ನು ಬೇರೆಯವನಾಗಬಹುದು. ಪಾದ ನೆಲದಲ್ಲಿಲ್ಲದವನು ಬೇರೆಯವನ ಒಳಗೆ ಹೋದರೆ ವಾಪಸು ಬರುವ ದಾರಿ ಸಿಗುವುದಿಲ್ಲ ಎನ್ನುತ್ತಿದ್ದರು ಗುರು. ಇವತ್ತು ಹಲಗೆ ಇತ್ತು, ಪಾದಗಳೂ ಇದ್ದವು, ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಬೇರೆಯವನಾಗುವುದು ಇರಲಿ, ಮೊದಲು ಯಾರು ನಿಂತಿದ್ದೇನೆ? ಅಂಗಾಲಿಗೆ ಚಳಿ ಹತ್ತುವವರೆಗೆ ನಿಂತ. ಅಲ್ಲೇ ನಿರ್ಧಾರ ಮಾಡಿದ: ಇವತ್ತು ಕೈ ಮಾಡುವುದಿಲ್ಲ. ಸುಮ್ಮನೆ ಕಪ್ಪೆತ್ತಿ ಕುಡಿಯುತ್ತೇನೆ. 'ಸರಿ, ಸರಿ' ಅನ್ನುವುದಿಲ್ಲ. ಅದು ನಾಟಕದಲ್ಲಿ ಬರೆದ ಮಾತೂ ಅಲ್ಲ. ತಾಲೀಮಿನಲ್ಲಿ ಅವನ ಬಾಯಿಂದ ಬಂದದ್ದನ್ನು ನಟರು ಮಾತು ಮರೆತರೆ ಪಿಸುಗುಟ್ಟಿ ಕೊಡುವ ಕೈಸು ತನ್ನ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಳು. ಎಲ್ಲಿಂದ ತಂದ್ಯೋ ಇದನ್ನ ಎಂದು ಅವಳು ಕೇಳಿದ್ದಕ್ಕೆ, ಸುಮ್ನೆ ಬಂತು ಅಂದಿದ್ದ.

ಕೈಸು ಮೊದಲ ಸಾಲಿನ ತುದಿಯ ತನ್ನ ಕುರ್ಚಿಗೆ ಹೊರಟವಳು ಅವನ ಪಕ್ಕ ಹಾದುಹೋದಳು. ಅವಳಿಗೆ ಹೇಳಬೇಕಿತ್ತು. ಇವತ್ತು ಕಾಫಿ ಬೇರೆ ಥರ ಮಾಡ್ತೀನಿ, ನೀನು ಗಾಬರಿಯಾಗಬೇಡ, ಎರಡೇ ಮಾತು. ಆದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಹೇಳಬೇಕಾಗುತ್ತದೆ.

"ಕೈಸು, ಒಂದು ಒದೆ ಕೊಡು," ಎಂದ.

"ಇದೇನೋ, ಶುಭವಾಗ್ಲಿ ಅಂತ ಮೊದಲ್ನೇ ಆಟಕ್ಕೆ ಒದೀತಾರೆ. ಇವತ್ತು ಇಪ್ಪತ್ಮೂರನೇದು."

"ಒದಿ ಅಂದೆ."

ಅವಳು ಅವನ ಮುಖ ನೋಡಿ, ಪುಸ್ತಕ ಕಂಕುಳಿಗೆ ಸಿಕ್ಕಿಸಿ, ಶಾಸ್ತ್ರದಂತೆ ಮೊಣಕಾಲಿನಿಂದ ಅವನ ಕುಂಡೆಗೆ ಒಂದು ಕೊಟ್ಟಳು.

"ಥ್ಯಾಂಕ್ಸ್," ಎಂದುಬಿಟ್ಟ ಇಸ್ಮೊ.

"ಥೂ, ಬಾಯ್ಮುಚ್ಚು! ಒದೆ ತಿಂದೋರು ಥ್ಯಾಂಕ್ಸ್ ಹೇಳ್ತಾರೇನೋ? ಅಪಶಕುನ! ಇಪ್ಪತ್ತಾರು ವರ್ಷ ಏನ್ ಕಲ್ತೆ ಇಲ್ಲಿ?" ಎಂದು ಅವಳು ಹೆಗಲ ಮೇಲಿಂದ ಮೂರು ಸಲ ತೂ ತೂ ಅಂದು ಹೊರಟುಹೋದಳು.

ಮೊದಲ ಅಂಕ ಹೇಗೋ ದಾಟಿತು. ಮೂರನೇ ಸಾಲಿನ ಕೊನೆಯಲ್ಲಿ ಅಪ್ಪನ ಬಿಳಿ ತಲೆ ಇದೆ ಎಂಬುದು ಅವನಿಗೆ ನೋಡದೆಯೂ ಕಾಣುತ್ತಿತ್ತು. ಮಧ್ಯಂತರದಲ್ಲಿ ವೇಷದಲ್ಲಿರುವವರು ಪಡಸಾಲೆಯ ಕಡೆ ಹೋಗುವಂತಿಲ್ಲ. ಅವನು ಹೋಗಲಿಲ್ಲ, ಬಾಗಿಲಿನ ದುಂಡು ಗಾಜಿನ ಹಿಂದೆ ನಿಂತ. ಮೇಜುಗಳ ಮೇಲೆ ಮೊದಲೇ ಹೇಳಿಟ್ಟವರ ಹೆಸರಿನ ಚೀಟಿಗಳು, ಪ್ರತಿ ಚೀಟಿಯ ಬಳಿ ಕಪ್ಪು, ಕೇಕು. ಅಪ್ಪನ ಹೆಸರಿನ ಮೇಜು ಕಂಬದ ಪಕ್ಕದಲ್ಲಿತ್ತು. ಮಿರ್ಯಾ ಕೇಕನ್ನು ಸಣ್ಣ ಸಣ್ಣ ತುಂಡು ಮಾಡುತ್ತಿದ್ದಳು. ಅಪ್ಪನ ಕೈ ಹೊರಟಿತು, ನಡುವೆ ನಿಂತಿತು. ಪಕ್ಕದ ಮೇಜಿನ ಇಬ್ಬರು ಹೆಂಗಸರು ನೋಡಿ, ನೋಡಿದ್ದು ಕಾಣಬಾರದೆಂದು ತಟ್ಟೆ ನೋಡಿಕೊಂಡರು. ಇನ್ನು ಅರ್ಧ ಗಂಟೆಯಲ್ಲಿ ಇದೇ ಹೆಂಗಸರು ರಂಗದ ಮೇಲೆ ಇದನ್ನೇ ನೋಡಿ ನಗಬೇಕು. ನಗುತ್ತ ನಗುತ್ತ ಒಬ್ಬಳು ಇನ್ನೊಬ್ಬಳ ಕಡೆ ತಿರುಗುತ್ತಾಳೆ, ಆಗ ಇಬ್ಬರೂ ಮೂರನೇ ಸಾಲಿನ ಕೊನೆಯ ಕಡೆ ತಿರುಗುತ್ತಾರೆ. ಇಲ್ಲ, ಮಾಡುವುದಿಲ್ಲ ಎಂದುಕೊಂಡ. ಹಾಗೆಂದುಕೊಳ್ಳುತ್ತಿರುವಾಗಲೇ ಎಡಗೈ ಬರಲು ಇವತ್ತು ಎಷ್ಟು ಹೊತ್ತು ಹಿಡಿಯಿತು ಎಂದು ಅವನ ತಲೆ ಎಣಿಸಿಯೂ ಆಗಿತ್ತು. ಮನೆಯಲ್ಲಿಗಿಂತ ಹೆಚ್ಚು. ಜನ ನೋಡುವಾಗ ಅಪ್ಪ ಇನ್ನೂ ನಿಧಾನ.

ಎರಡನೇ ಅಂಕದಲ್ಲಿ ಕಾಫಿ ಬಂತು. ಅಧಿಕಾರಿಯ ಪಾತ್ರದವನು ಹೇಳಬೇಕಾದದ್ದು ಹೇಳಿ ನಿಲ್ಲಿಸಿದ, ಇನ್ನು ಮುದುಕನ ಸರದಿ. ಇಸ್ಮೊ ಕೈ ಚಾಚಿದ, ಕಪ್ಪು ಎತ್ತಿದ, ಕುಡಿದ, ಇಟ್ಟ. ಆಯಿತು. ಆದದ್ದು ಎಂಥದೆಂದರೆ, ಅಕ್ಟೋಬರಿನಲ್ಲಿ ವೆನ್ಲಾ 'ಮುದುಕ ಎಲ್ಲಿ' ಎಂದು ಕೇಳಿದ್ದಳಲ್ಲ, ಆ ಖಾಲಿ ಜಾಗ. ಗಲ್ಲಕ್ಕೆ ಗೆರೆ ಎಳೆದುಕೊಂಡ ಮಧ್ಯವಯಸ್ಸಿನವನೊಬ್ಬ ಕಾಫಿ ಕುಡಿದಿದ್ದ. ನಾಲ್ಕು ನೂರು ಜನ ಕಾದಿದ್ದರು, ಯಾರೋ ಕೆಮ್ಮಿದರು. ಅವನ ಬಳಿ ಇದ್ದದ್ದು ಅಷ್ಟೇ ಎಂದು ಅವನಿಗೆ ಗೊತ್ತಾಯಿತು. ಅಪ್ಪನಿಂದ ತಂದದ್ದನ್ನು ತೆಗೆದರೆ ಉಳಿಯುವವನು ಇವನು. ಮುಂದಿನ ಮಾತು ಯಾವುದೆಂದು ಹುಡುಕಿದ, ಅದೂ ಹೋಗಿತ್ತು. ಆ ಮೌನದಲ್ಲಿ ಮೊದಲ ಸಾಲಿನ ತುದಿಯಿಂದ ಕೈಸುಳ ಪಿಸುದನಿ, ತನ್ನ ಕೆಲಸವನ್ನು ಚೊಕ್ಕಟವಾಗಿ ಮಾಡುವವಳ ದನಿ, ಸ್ಪಷ್ಟವಾಗಿ ಬಂತು:

"ಸರಿ, ಸರಿ."

ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಸರಿ, ಸರಿ," ಎಂದಳು. ಕಿವಿ ಮಂದವಾದವರ ಆಟ ಅದು, ಆದರೂ ಮೂರು ಸಾಲಿಗೆ ಕೇಳಿರಬೇಕು. ಆಗ ಅವನ ಎಡಗೈ ತಾನಾಗಿ ಎದ್ದಿತು. ಅವನು ಎತ್ತಲಿಲ್ಲ ಎಂದು ಆಮೇಲೆ ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದ. ಆದರೆ ಹಾಗೆ ಪ್ರಮಾಣ ಮಾಡುವುದರಲ್ಲಿ ಅವನು ಪಳಗಿದವನು. ಕೈ ಹೊರಟಿತು, ನಡುವೆ ನಿಂತಿತು, ಮುಖ ಕಿಟಕಿಯ ಆಚೆ ಏನನ್ನೋ ನೋಡಿತು, ಬಲಗೈ ಬಂದು ಅದನ್ನು ಕಪ್ಪಿನವರೆಗೆ ಕರೆದೊಯ್ದು ಎರಡು ಸಲ ತಟ್ಟಿತು. "ಸರಿ, ಸರಿ." ಸಭೆ ನಕ್ಕಿತು. ಕಾಯುವಂತೆ ಮಾಡಿ ಕೊಟ್ಟದ್ದರಿಂದ ಹಿಂದಿನ ಇಪ್ಪತ್ತೆರಡು ಆಟಗಳಿಗಿಂತ ಜೋರಾಗಿ ನಕ್ಕಿತು. ಆ ನಗುವಿನೊಳಗೆ ಮೂರನೇ ಸಾಲಿನ ಕೊನೆಯ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ, ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದಂತೆ ಅವನ ಕಿವಿ ಅಲ್ಲಿಗೇ ಹೋಗುತ್ತಿತ್ತು. ಎಷ್ಟು ಚೆನ್ನಾಗಿ ಬಂತು ಇವತ್ತು, ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸಿತು.

ಆಟ ಮುಗಿದ ಮೇಲೆ ಮೇಕಪ್ಪು ಅರ್ಧ ಒರೆಸಿ, ಹಿಂದಿನ ಬಾಗಿಲಿನಿಂದ ಹೋಗಿಬಿಡಬಹುದಿತ್ತು. ಕೋಟು ಕೂಡ ಹಾಕಿಕೊಂಡ. ಆಮೇಲೆ ಕೋಟನ್ನು ಕುರ್ಚಿಯ ಮೇಲೆ ಎಸೆದು ಪಡಸಾಲೆಗೆ ಹೋದ. ಬಸ್ಸಿನವರು ಹೋಗಿ ಅಲ್ಲಿ ಖಾಲಿಯಾಗಿತ್ತು. ಕಂಬದ ಪಕ್ಕದ ಮೇಜಿನಲ್ಲಿ ಇಬ್ಬರೇ ಇದ್ದರು. ಟ್ಯಾಕ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು, ಮಿರ್ಯಾ ಇನ್ನೊಂದು ಕಾಫಿ ತಂದಿಟ್ಟಿದ್ದಳು. ಅವಳು ಅವನನ್ನು ನೋಡಿ ಏಳಲಿಲ್ಲ. ಅಪ್ಪ ಮೇಜು ನೋಡುತ್ತಿದ್ದ.

"ಚೆನ್ನಾಗಿತ್ತು," ಎಂದಳು ಮಿರ್ಯಾ.

"ಮಿರ್ಯಾ..."

"ಇಲ್ಲ, ನಿಜವಾಗ್ಲೂ. ಒಂದೂ ಬಿಟ್ಟಿಲ್ಲ ನೀನು. ತಟ್ಟೋದು ಕೂಡ ಎರಡೇ ಸಲ." ಅವಳು ಅಪ್ಪನ ಮಫ್ಲರನ್ನು ಮಡಿಸಿದಳು, ಬಿಡಿಸಿ ಮತ್ತೆ ಮಡಿಸಿದಳು. "ನಾನು ದಡ್ಡಿ. ಇಸ್ಮೊ ಬದಲಾದ, ಅಪ್ಪನ್ನ ನೋಡೋಕೆ ಪ್ರತಿ ಭಾನುವಾರ ಬರ್ತಾನೆ ಅಂತ ಪಕ್ಕದ ಮನೆಯವ್ರಿಗೆಲ್ಲ ಹೇಳ್ಕೊಂಡು ತಿರುಗಿದೆ. ಮೀನಿನ ರೊಟ್ಟಿ ಬೇರೆ ಮಾಡಿದೆ ನಿಂಗೆ. ಹನ್ನೊಂದು ರೊಟ್ಟಿ ತಿಂದಿದೀಯ ಕಣೋ. ಬೇಕಾದ್ದು ಸಿಕ್ತು, ಬರೋದು ನಿಲ್ಲಿಸ್ದೆ."

ಇಸ್ಮೊನಿಗೆ ಒಂದು ಮಾತು ಹೊಳೆಯಿತು, ಹೊಳೆದೊಡನೆ ಅದನ್ನು ಹೇಳುವ ದನಿ ಯಾವುದೆಂದೂ ಹೊಳೆಯಿತು, ಆದ್ದರಿಂದ ಬಾಯಿ ಮುಚ್ಚಿಕೊಂಡ. ಅಪ್ಪನ ಎದುರಿನ ಕುರ್ಚಿ ಎಳೆದು ಕೂತ. "ಅಪ್ಪ, ತಪ್ಪಾಯ್ತು," ಎಂದ. ಬರೀ ಅಷ್ಟು ಹೇಳುವಾಗಲೂ ದನಿ ಸ್ವಲ್ಪ ಹೆಚ್ಚಾಗಿಯೇ ಒಡೆಯಿತು.

ಅಪ್ಪ ತಲೆ ಎತ್ತಿದ. ಎಡಗೈಯಿಂದ ಮೇಜಿನಾಚೆ ಇದ್ದ ಇಸ್ಮೊನ ಎಡಗೈಯನ್ನು ಕುಟ್ಟಿದ. ತಲೆ ಅಲ್ಲಾಡಿಸಿದ. ಮತ್ತೆ ಕುಟ್ಟಿದ, ಇಟ್ಟಿಗೆ ಟೊಳ್ಳೋ ಗಟ್ಟಿಯೋ ಎಂದು ನೋಡುವಾಗ ಕುಟ್ಟುತ್ತಿದ್ದ ಹಾಗೆ. ಬಾಯಿ ಏನನ್ನೋ ಎತ್ತಲು ಹೋಗಿ ಎತ್ತಲಾರದೆ ಒದ್ದಾಡಿತು.

"ಅಲ್ಲ," ಎಂದ.

ಮಿರ್ಯಾಳ ಕೈಯಲ್ಲಿದ್ದ ಮಫ್ಲರು ಹಾಗೇ ನಿಂತಿತು. ಏಳು ತಿಂಗಳಲ್ಲಿ ಅದು ಎರಡನೇ ಮಾತು. ಅಪ್ಪ ಇಸ್ಮೊನ ಬಲಗೈ ಹಿಡಿದು ಎಳೆದು ಮೇಜಿನ ನಡುವೆ ಇಟ್ಟ. ಅದರ ಮೇಲೆ ಕುಟ್ಟಿದ. ಆಮೇಲೆ ಮಡಿಲಲ್ಲಿದ್ದ ತನ್ನ ಅರ್ಧ ಸತ್ತ ಬಲಗೈಯನ್ನು ಎತ್ತಿ ಅದರ ಪಕ್ಕದಲ್ಲಿಟ್ಟು ಅದರ ಮೇಲೂ ಕುಟ್ಟಿದ. ಆಗ ಇಸ್ಮೊನಿಗೆ ಅರ್ಥವಾಯಿತು. ಹನ್ನೊಂದು ಭಾನುವಾರ ಅವನು ಅಪ್ಪನ ಎದುರು ಕೂತಿದ್ದ. ಕನ್ನಡಿ ನೋಡಿ ಕಲಿತ ಹಾಗೆ ಅಪ್ಪನ ಬಲವನ್ನು ತನ್ನ ಎಡಕ್ಕೆ ತೆಗೆದುಕೊಂಡಿದ್ದ. ಇಪ್ಪತ್ಮೂರು ಆಟ ತಪ್ಪು ಕೈ. ನಾಟಕಶಾಲೆಯ ಮೊದಲ ವರ್ಷ ಎಲ್ಲರೂ ಮಾಡಿ ಬೈಸಿಕೊಳ್ಳುವ ತಪ್ಪು. ಆದರೆ ಅವನಿಗೆ ನೆನಪಾದದ್ದು ನಾಟಕಶಾಲೆಯಲ್ಲ, ಹದಿನೆಂಟನೇ ವಯಸ್ಸಿನ ಬೇಸಿಗೆ. ಸರೋವರದ ಆಚೆ ಯಾರದೋ ಹೊಸ ಮನೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ನಿಂತ ಮೊದಲ ದಿನ, ಅಪ್ಪ ಗಾರೆ ಬಳಿಯುವುದನ್ನು ಎದುರು ನಿಂತು ನೋಡಿ ಕರಣೆಯನ್ನು ಎಡಗೈಯಲ್ಲಿ ಹಿಡಿದಿದ್ದ. ಅಪ್ಪ ನಕ್ಕಿರಲಿಲ್ಲ. ತೋಳು ಹಿಡಿದು ಸುತ್ತ ತಂದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು, "ಎದುರು ನಿಂತ್ರೆ ಎಲ್ಲ ತಿರುಗಾಮುರುಗಾ ಕಣೋ. ಪಕ್ಕ ನಿಂತು ನೋಡು," ಅಂದಿದ್ದ. ಎಷ್ಟು ಬಿಸಿಲಿತ್ತು ಅವತ್ತು, ಅಪ್ಪನ ಅಂಗಿಯಿಂದ ಸುಣ್ಣದ ವಾಸನೆ ಬರುತ್ತಿತ್ತು.

ಈಗಲೂ ಅಪ್ಪ ಎಡಗೈಯಲ್ಲಿ ಗಾಳಿಯಲ್ಲೊಂದು ಸುತ್ತು ತೋರಿಸಿ, ತನ್ನ ಗಾಲಿಕುರ್ಚಿಯ ಪಕ್ಕದ ಜಾಗವನ್ನು ಬೊಟ್ಟು ಮಾಡಿದ. ಸಿಟ್ಟಿನಿಂದಲೋ, ಕನಿಕರದಿಂದಲೋ, ಅಥವಾ ಕೆಟ್ಟ ಕೆಲಸ ನೋಡಿದಾಗ ಸುಮ್ಮನಿರಲಾಗದ ಕಸುಬುದಾರನ ಕಿರಿಕಿರಿಯಿಂದಲೋ, ಇಸ್ಮೊನಿಗೆ ತಿಳಿಯಲಿಲ್ಲ. ಅವನು ಕುರ್ಚಿ ಎತ್ತಿಕೊಂಡು ಮೇಜು ಸುತ್ತಿ ಬಂದು ಅಪ್ಪನ ಬಲಕ್ಕೆ ಕೂತ. ಪಕ್ಕದಲ್ಲಿ ಕೂತಾಗ ಅಪ್ಪನ ಮುಖ ಕಾಣುತ್ತಿರಲಿಲ್ಲ. ಕಿಟಕಿ ಕಾಣುತ್ತಿತ್ತು, ಕಪ್ಪು ಕಾಣುತ್ತಿತ್ತು, ಅಪ್ಪನ ಕೈ ಕಾಣುತ್ತಿತ್ತು. ಅಪ್ಪನ ತೋಳು ತನ್ನ ತೋಳಿಗೆ ಒತ್ತಿ ಬೆಚ್ಚಗಿತ್ತು. ಅವನು ಕಣ್ಣು ಮುಚ್ಚಿಕೊಂಡ. ಇಷ್ಟಾದರೂ ನೋಡದೆ ಇರೋಣ, ಇದೊಂದನ್ನು ತೆಗೆದುಕೊಳ್ಳದೆ ಇರೋಣ ಎಂದು ಹಲ್ಲು ಕಚ್ಚಿ ಮುಚ್ಚಿಕೊಂಡ. ಮೊಣಕಾಲಿನ ಮೇಲೆ ಕುಟ್ಟು ಬಿತ್ತು. ತೆರೆಯಲಿಲ್ಲ. ಮತ್ತೆ ಬಿತ್ತು, ನೋಯುವಷ್ಟು.

"ನೋಡೋ," ಎಂದಳು ಮಿರ್ಯಾ. ಅವಳ ದನಿ ಒದ್ದೆಯಾಗಿತ್ತು. "ತೋರಿಸ್ತಾ ಇದಾನೆ, ನೋಡು."

ಅವನು ನೋಡಿದ. ಅಪ್ಪನ ಬಲಗೈ ಮೇಜಿನಿಂದ ಎದ್ದಿತು. ಇಸ್ಮೊ ತನ್ನ ಬಲಗೈಯನ್ನೂ ಎತ್ತಿ ಅದರ ಪಕ್ಕದಲ್ಲೇ ನಡೆಸಿದ. ಅಪ್ಪನ ಹೆಬ್ಬೆರಳು ಒಳಗೆ ಮಡಿಚಿತ್ತು, ಎದುರಿನಿಂದ ಇದು ಕಂಡಿರಲೇ ಇಲ್ಲ. ಕಪ್ಪಿಗೆ ಒಂದು ಗೇಣು ಇರುವಾಗ ಅಪ್ಪನ ಕೈ ನಿಂತಿತು. ಇಸ್ಮೊನ ಕೈ ಮುಂದೆ ಹೋಗಬಹುದಿತ್ತು. ಅವನು ಅದನ್ನು ಅಲ್ಲೇ ಹಿಡಿದು, ಭುಜ ನೋಯಲು ಶುರುವಾದರೂ ಇಳಿಸದೆ, ಎಷ್ಟು ಹೊತ್ತಾಯಿತೆಂದು ಎಣಿಸದೆ, ಅಪ್ಪನ ಕೈ ಹೊರಡಲೆಂದು ಕಾದ.